ಪಾಮನಕಲ್ಲೂರಿನ ನನ್ನ ಮೊದಲ ಹೃದಯರೋಗಿ

ಸ್ಟೆತಾಸ್ಕೋಪಿನ ಒಂದು ತುದಿ ನನ್ನ ಕಿವಿಯಲ್ಲಿತ್ತು, ಇನ್ನೊಂದು ತುದಿ ನೀಲಮ್ಮ ಗೌಡ್ತಿಯ ಕೈಯಲ್ಲಿ. ಅದನ್ನು ನನಗೆ ಬಿಟ್ಟುಕೊಡುವ ವಿಚಾರ ಆಕೆಗೆ ಇರಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಹೈದರಾಬಾದಿನಲ್ಲಿ ಡಾಕ್ಟರಿಕೆ ಓದಿ, ಮದ್ರಾಸಿನಲ್ಲಿ ಒಂದು ವರ್ಷ ಬರೀ ಹೃದಯದ ರೋಗಗಳನ್ನೇ ಕಲಿತು ಬಂದು ಲಿಂಗಸುಗೂರಿನ ಬಜಾರಿನಲ್ಲಿ ಬೋರ್ಡ್ ಹಾಕಿದ್ದೆ. ಕನ್ನಡದಲ್ಲೂ ಉರ್ದುವಿನಲ್ಲೂ... ಹೃದಯರೋಗ ತಜ್ಞ.

ನಾಲ್ಕು ತಿಂಗಳಲ್ಲಿ ಹನ್ನೊಂದು ಹಲ್ಲು ಕಿತ್ತೆ.

ಚೇಳು ಕಡಿದವರು ಬಂದರು. ಕಿವಿಯಲ್ಲಿ ಜೋಳದ ಕಾಳು ಸಿಕ್ಕಿಕೊಂಡವರು ಬಂದರು. ಎಮ್ಮೆ ಮೇವು ಬಿಟ್ಟಿದೆ ಎಂದು ಒಬ್ಬರು ಬಂದರು. ಹೃದಯ ತೋರಿಸಲು ಮಾತ್ರ ಯಾರೂ ಬರಲಿಲ್ಲ.

ಹಾಗಾಗಿ ಪಾಮನಕಲ್ಲೂರಿನ ಅಮರಪ್ಪ ಬಂಡಿ ಕಟ್ಟಿಕೊಂಡು ಬಂದು, "ನಮ್ಮ ಮನ್ಯಾಕಿಗೆ ಎದಿ ಬ್ಯಾನಿ ಐತ್ರೀ" ಎಂದಾಗ ನನಗೆ ಸಂತೋಷವಾಯಿತು. ತೋರಿಸಿಕೊಳ್ಳಲಿಲ್ಲ.

ಉಳಿದದ್ದನ್ನು ದಾರಿಯಲ್ಲಿ ಹೇಳಿದ. ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ಹೆಂಡತಿ ಶರಣಮ್ಮ ನೀರು ಹೊರುವಾಗ ಎರಡು ಸಲ ಕಣ್ಣು ಕತ್ತಲೆ ಬಂದು ಕುಸಿದಿದ್ದಳು. ಎದೆ ಡವಡವ ಎನ್ನುತ್ತದೆ ಎಂದು ಅತ್ತೆಯ ಮುಂದೆ ಹೇಳಿದ್ದೇ ತಪ್ಪಾಯಿತು.

ಅತ್ತೆ ನೀಲಮ್ಮ ಆಗಲೇ ಸಿಂಧನೂರು ಕಡೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದಳು. ಸೊಸೆಯ ಎದೆ ಕೆಟ್ಟಿದೆ ಎಂದು ಡಾಕ್ಟರರು ಒಂದು ಚೀಟಿ ಬರೆದುಕೊಟ್ಟರೆ ಸಾಕು, ಮಸ್ಕಿಯ ಬೀಗರು ತಕರಾರು ಮಾಡದೆ ಮಗಳನ್ನು ಕರೆದುಕೊಂಡು ಹೋಗುತ್ತಾರೆ.

ನಿನಗೇನನಿಸುತ್ತದೆ ಎಂದು ಕೇಳಿದೆ. ಅಮರಪ್ಪ ಎತ್ತಿನ ಬಾಲ ತಿರುವಿದ.

ಪಡಸಾಲೆಯ ಕಂಬಕ್ಕೆ ಒರಗಿ ಶರಣಮ್ಮ ತಲೆ ತಗ್ಗಿಸಿ ಕುಳಿತಿದ್ದಳು. ನಾನು ಸ್ಟೆತಾಸ್ಕೋಪ್ ತೆಗೆದೆ. ನೀಲಮ್ಮ ಅದರ ತುದಿ ಹಿಡಿದುಕೊಂಡಳು.

"ಗಂಡಸರು ಮೈ ಮುಟ್ಟಂಗಿಲ್ರೀ. ಎಲ್ಲಿಡಬೇಕು ಹೇಳ್ರಿ, ನಾನ ಇಡ್ತೀನಿ."

ನನ್ನ ಎದೆಯ ಮೇಲೆ ಬೆರಳಿಟ್ಟು ಜಾಗ ತೋರಿಸಿದೆ. ಆಕೆ ಖಾತ್ರಿ ಮಾಡಿಕೊಳ್ಳಲು ಮೊದಲು ತನ್ನ ಸೆರಗಿನೊಳಗೇ ಇಟ್ಟುಕೊಂಡು ಇಲ್ಲೇನು ಎಂದು ಕೇಳಿದಳು.

ನಾನಾಗಲೇ ಆಕೆಯ ಎದೆಯನ್ನೇ ಕೇಳುತ್ತಿದ್ದೇನೆ...

ಒಂದು ಬಡಿತಕ್ಕೂ ಮುಂದಿನದಕ್ಕೂ ಹೊಂದಿಕೆಯೇ ಇಲ್ಲ. ಎರಡು ಓಡುತ್ತವೆ, ಒಂದು ತಡೆಯುತ್ತದೆ, ಮೂರು ಒಟ್ಟಿಗೆ ಬೀಳುತ್ತವೆ. ನಡುನಡುವೆ, ಪಕ್ಕದ ಮನೆಯಲ್ಲಿ ಬೀಸುಕಲ್ಲು ತಿರುಗಿಸಿದಂತೆ ಗುರ್ ಎನ್ನುವ ಸದ್ದು. ಮದ್ರಾಸಿನಲ್ಲಿ ಇಂಥ ಹೃದಯ ಸಿಕ್ಕರೆ ಕೇಳಲು ನಾವು ವಿದ್ಯಾರ್ಥಿಗಳು ಸಾಲು ನಿಲ್ಲುತ್ತಿದ್ದೆವು.

ಇನ್ನೊಂದಿಷ್ಟು ಹೊತ್ತು ಹಾಗೇ ಇಡಿ ಎಂದೆ. ಇಟ್ಟಳು.

ಆಮೇಲೆ ಸೊಸೆಯದು. ಬಡಿತ ತುಸು ಜೋರು, ಆದರೆ ಅಚ್ಚುಕಟ್ಟು. ಕಣ್ಣಿನ ಒಳರೆಪ್ಪೆ ಸುಣ್ಣದ ಹಾಗೆ ಬಿಳಿಚಿತ್ತು. ಯಾವಾಗ ಉಣ್ಣುತ್ತೀ ಎಂದು ಕೇಳಿದೆ. ಎಲ್ಲರದೂ ಆದ ಮೇಲೆ ಎಂದಳು. ಉಳಿದಿದ್ದರೆ ಎಂಬುದನ್ನು ಆಕೆ ಹೇಳಲಿಲ್ಲ, ನಾನೇ ಸೇರಿಸಿಕೊಂಡೆ.

ನೀಲಮ್ಮನ ಪಾದಗಳನ್ನು ನೋಡಿದೆ. ಬಾತುಕೊಂಡಿದ್ದವು, ಕಾಲುಂಗುರ ಮಾಂಸದೊಳಗೆ ಹುದುಗಿತ್ತು.

"ಮಲಗಿದ್ರ ಉಸಿರು ಹಿಡಿತೈತೇನ್ರೀ? ಕುಂತ ನಿದ್ದಿ ಮಾಡ್ತೀರೇನು?"

"ನಿಮಗ ಯಾರು ಹೇಳಿದ್ರು?" ಎಂದು ಸೊಸೆಯ ಕಡೆ ನೋಡಿದಳು.

ಶರಣಮ್ಮನಿಗೆ ಏನೂ ಗೊತ್ತಿರಲಿಲ್ಲ. ಅತ್ತೆ ಜೋಳದ ಚೀಲಗಳಿಗೆ ಒರಗಿ ಕೂರುವುದು ಕಾಳು ಕಾಯಲು ಎಂದೇ ಮನೆಯವರೆಲ್ಲ ತಿಳಿದಿದ್ದರು.

ನಾನು ಇದ್ದದ್ದನ್ನು ಹೇಳಿದೆ. ಸೊಸೆಯ ಹೃದಯ ಚೆನ್ನಾಗಿದೆ, ಮೈಯಲ್ಲಿ ರಕ್ತವಿಲ್ಲ, ಹೊಟ್ಟೆತುಂಬ ಊಟ ಬೇಕು. ಕೆಟ್ಟಿರುವುದು ನಿಮ್ಮ ಹೃದಯ, ಈಗಲೇ ಔಷಧಿ ಬೇಕು.

ಆಕೆ ಸ್ಟೆತಾಸ್ಕೋಪ್ ನೆಲಕ್ಕಿಟ್ಟಳು. ಕರೆಸಿದ್ದು ಸೊಸೆಯನ್ನು ನೋಡಲು, ನನ್ನನ್ನಲ್ಲ, ಚೀಟಿ ಬರೆಯಿರಿ ಎಂದಳು.

ಬರೆದೆ. 'ಶರಣಮ್ಮನ ಹೃದಯ ಗಟ್ಟಿಯಾಗಿದೆ.' ಅಮರಪ್ಪ ಅದನ್ನು ಗಟ್ಟಿಯಾಗಿ ಓದಿದ. ಓದಿ, ಮಡಚಿ, ಅವ್ವನ ಕೈಗೆ ಕೊಡದೆ ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಇದ್ದೊಬ್ಬಳು ಹೃದಯರೋಗಿಯೂ ಕೈತಪ್ಪಿದಳು ಎಂದುಕೊಂಡು ಲಿಂಗಸುಗೂರಿಗೆ ಬಂದೆ.

ಹನ್ನೆರಡನೇ ದಿನ ಮಧ್ಯಾಹ್ನ ಅದೇ ಬಂಡಿ ನನ್ನ ಬಾಗಿಲಿಗೆ ಬಂತು. ನೀಲಮ್ಮ ನೆಟ್ಟಗೆ ಕುಳಿತು ಉಸಿರಿಗಾಗಿ ಒದ್ದಾಡುತ್ತಿದ್ದಳು. ಹಿಂದೆ ಶರಣಮ್ಮ, ಬೆನ್ನಿಗೆ ಬೆನ್ನು ಕೊಟ್ಟು.

ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡು ಡಿಜಿಟಾಲಿಸ್ ಶುರು ಮಾಡಿದೆ. ಅದು ಹೃದಯದ ಓಟ ತಗ್ಗಿಸುವ ಔಷಧಿ. ಹನಿ ಹೆಚ್ಚಾದರೆ ಪ್ರಾಣಕ್ಕೇ ಅಪಾಯ, ಪ್ರತಿ ಸಲವೂ ಮೊದಲು ಬಡಿತ ಎಣಿಸಲೇಬೇಕು. ಊರಿಗೆ ಹೋದ ಮೇಲೆ ಯಾರಾದರೂ ಈ ಕೆಲಸ ಮಾಡಬೇಕಿತ್ತು.

ಅಮರಪ್ಪ ಔಷಧಿಯ ಶೀಶೆಯನ್ನು ಹೆಂಡತಿಯ ಕಡೆ ಸರಿಸಿದ. ಶರಣಮ್ಮ, ನೂರರ ತನಕ ಎಣಿಸಲು ಬರುತ್ತದೆ ಎಂದಳು. ಅಷ್ಟು ಸಾಕು ಎಂದು ಗಡಿಯಾರ ಕೊಟ್ಟೆ.

ಅತ್ತೆ ಮನೆಯಿಂದ ಹೊರಹಾಕಬೇಕೆಂದಿದ್ದ ಸೊಸೆಯ ಕೈಯಲ್ಲಿ ಈಗ ಆ ಶೀಶೆ. ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಶರಣಮ್ಮ ಸ್ಟೆತಾಸ್ಕೋಪ್ ಕಿವಿಗಿಟ್ಟು ಬಹಳ ಹೊತ್ತು ಕೇಳಿದಳು. ಎಣಿಕೆ ಮರೆತಳು.

"ಅತ್ತೀ, ನಿಮ್ಮ ಎದಿ ಹೊಯ್ದಾಡಾಕತ್ತೈತಿ."

"ಹೂಂ. ಬಾಳ ದಿನ ಆತು."

"ಯಾಕ ಹೇಳ್ಲಿಲ್ರೀ?"

"ಹೇಳಿದ್ರ ಮೂಲ್ಯಾಗ ಕುಂದರಿಸ್ತಿದ್ರಿ." ಸ್ವಲ್ಪ ಉಸಿರು ತೆಗೆದುಕೊಂಡು ಸೇರಿಸಿದಳು. "ನಾ ನಿನ್ನ ಕುಂದರಿಸಿದಂಗ."

ಶರಣಮ್ಮ ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದಳು.

ಎಂಟು ದಿನದಲ್ಲಿ ಕಾಲಿನ ಬಾವು ಇಳಿಯಿತು. ಹತ್ತನೇ ದಿನ ನೀಲಮ್ಮ ಅಂಗಾತ ಮಲಗಿ ಗೊರಕೆ ಹೊಡೆದಳು. ವೈದ್ಯಕೀಯದಲ್ಲಿ ಅಂಥ ಇಂಪಾದ ಸದ್ದನ್ನು ನಾನು ಹೆಚ್ಚು ಕೇಳಿಲ್ಲ.

ಆಕೆ ಇನ್ನೂ ಮೂರು ವರ್ಷ ಬದುಕಿದಳು. ಒಂದು ದಿನವೂ ಹನಿ ತಪ್ಪಲಿಲ್ಲ. ಸಿಂಧನೂರಿನ ಹೆಣ್ಣಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಶರಣಮ್ಮನ ಕೆನ್ನೆ ತುಂಬಿತು. ಮಕ್ಕಳಾಗಲಿಲ್ಲ, ಅಮರಪ್ಪನ ಎರಡನೇ ಮದುವೆಯೂ ಆಗಲಿಲ್ಲ.

ನನ್ನ ಪ್ರಾಕ್ಟೀಸ್ ಮಾತ್ರ ಬೆಳೆಯಿತು. ಹಟ್ಟಿಯಿಂದ, ಬಳಗಾನೂರಿನಿಂದ ಜನ ಬಂದರು. ಆದರೆ ರೋಗಿಯನ್ನು ಒಳಗೆ ಕಳಿಸಿ, ಜೊತೆಗೆ ಬಂದವರು ಹೊರಗೇ ನಿಲ್ಲುತ್ತಿದ್ದರು. ತೋರಿಸದವರ ರೋಗವನ್ನೂ ಈ ಡಾಕ್ಟರ್ ಹಿಡಿಯುತ್ತಾನೆ ಎಂದು ನೀಲಮ್ಮ ಊರೂರಿಗೆ ಹೇಳಿದ್ದಳಂತೆ.

ನಿಮ್ಮ ಮನೆಯಲ್ಲಿ ಎಲ್ಲರ ಮೇಲೂ ಜೋರು ಮಾಡಿಕೊಂಡು ಓಡಾಡುವವರನ್ನು, ನಿಮಗೆ ಹೇಗಿದೆ ಎಂದು ಯಾರಾದರೂ ಕೇಳಿ ಎಷ್ಟು ದಿನವಾಯಿತು?