ಮಗ ಇಳಿಸಿಟ್ಟ ಶ್ರುತಿ

ಖಾನಾಪುರದ ಮದುವೆ ಮಂಟಪದಲ್ಲಿ ಗಿಟಾರಿಗೆ ಪೆಡಲ್‌ಬೋರ್ಡ್ ಜೋಡಿಸಿ, ಕಾಲಿನಿಂದ ಕೊನೆಯ ಗುಂಡಿ ಒತ್ತಿ ತಂತಿ ಮೀಟಿದೆ. ಸ್ಪೀಕರಿನಿಂದ ನಾನು ಮೀಟಿದ್ದಕ್ಕಿಂತ ತಗ್ಗಿನ ಸ್ವರ ಬಂತು. ಆ ಗಿಟಾರೇ ಹಾಗೆ, ತಂತಿ ಸಡಿಲಿಸದೆಯೂ ಶ್ರುತಿ ಇಳಿಸಿ, ಪೆಡಲಿನ ಒಂದೊಂದು ಗುಂಡಿಯಲ್ಲಿ ಉಳಿಸಿಡಬಹುದು. ಅದು ನಮ್ಮ ಆರ್ಕೆಸ್ಟ್ರಾದ ಇಮ್ತಿಯಾಜನದು. ಆತ ತೀರಿಕೊಂಡ ಮೇಲೆ ಅವನ ಜಾಗದಲ್ಲಿ ಅಂದು ಮೊದಲ ಸಲ ನಾನು ನಿಂತಿದ್ದೆ.

“ಇದೇನೋ ತಪ್ಪಾಗಿ ಉಳದೈತಿ, ಅಳಸತೇನ್ರಿ” ಎಂದು ಬಾಗಿದೆ.

ಮೈಕಿನ ಮುಂದಿದ್ದ ನಮ್ಮ ಹಿರಿಯ ಗಾಯಕರು, ಇಮ್ತಿಯಾಜನ ತಂದೆ, ಬಂದು ನನ್ನ ಕೈ ಹಿಡಿದರು.

“ಬ್ಯಾಡೋ ತಮ್ಮಾ. ಈಗೀಗ ನನ್ನ ದನಿ ಮ್ಯಾಲ ಏರೂದಿಲ್ಲ. ಮಂದಿಗೆ ಗೊತ್ತಾಗಬಾರದಂತ ನನ್ನ ಹಾಡಿಗಷ್ಟ ಅಂವಾ ಇಳಿಸಿಟ್ಟಾನ.”

ಅಂದು ಅವರು ಹಾಡಿದರು. ನನ್ನ ಬೆರಳುಗಳು ರೂಢಿಯ ಜಾಗದಲ್ಲೇ ಓಡಿದವು, ಸ್ವರ ಮಾತ್ರ ಅವರ ದನಿ ಇರುವಲ್ಲಿಗೆ ಇಳಿದು ಬರುತ್ತಿತ್ತು.

ಮಗನಿಲ್ಲದ ಈ ದಿನಗಳಲ್ಲಿ ಅವರ ದನಿ ಇನ್ನೂ ತಗ್ಗಿದೆ. ಮೊನ್ನೆ ಬೆಳಗಾವಿಯ ಕಾರ್ಯಕ್ರಮಕ್ಕೆ ಮುಂಚೆ, ಇಮ್ತಿಯಾಜ ಇಳಿಸಿಟ್ಟಿದ್ದನ್ನು ಹಾಗೇ ಬಿಟ್ಟು, ಪಕ್ಕದ ಗುಂಡಿಯಲ್ಲಿ ಅದಕ್ಕಿಂತ ಒಂದು ಸ್ವರ ಕೆಳಗೆ ಇಳಿಸಿಟ್ಟೆ. ಹಾಡು ಶುರುವಾದಾಗ ಅವರು ಒಮ್ಮೆ ಹಿಂತಿರುಗಿ ನನ್ನ ಕಾಲಿನ ಕಡೆ ನೋಡಿದರು. ಮತ್ತೆ ಮೈಕಿನ ಕಡೆ ತಿರುಗಿ ಹಾಡಿದರು.