ಮೇಸ್ತ್ರಿ ನುಂಗಿಕೊಂಡ ಮಾತು

ಹೋದ ವಾರ ನಮ್ಮ ಮನೆಯ ಮಿಕ್ಸಿಯ ವೈರು ಸುಟ್ಟುಹೋಯಿತು. ಚಟ್ನಿ ಇನ್ನೂ ಅರ್ಧ ಮಾತ್ರ ರುಬ್ಬಿಯಾಗಿತ್ತು, ಚಟ್ ಅಂತ ಒಂದು ಸದ್ದು, ಹಿಂದೆಯೇ ಸುಟ್ಟ ರಬ್ಬರಿನ ವಾಸನೆ. ಸೊಸೆ ಓಡಿಬಂದು ಕಿಟಕಿ ತೆಗೆದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ಯಾಕ್ ಮಾವ ಅಷ್ಟು ಕೋಪ? ಹಳೇ ಮಿಕ್ಸಿ, ಹೋಯ್ತು ಬಿಡಿ," ಅಂದಳು.

ನನ್ನ ಕೋಪ ಮಿಕ್ಸಿಯ ಮೇಲಿರಲಿಲ್ಲ. ಅದೇ ವಾಸನೆಯನ್ನು ನಾನು ಎಂಬತ್ತರ ದಶಕದಲ್ಲಿ ಒಂದು ಗೂಡ್ಸ್ ಆಟೋದ ಹಿಂದೆ ನಿಂತು ಕುಡಿದಿದ್ದೆ. ಅದು ಎಲ್ಲಿಂದ ಬರುತ್ತಿದೆ ಅಂತ ಒಬ್ಬ ಮನುಷ್ಯನಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಅವನು ಬಾಯಿ ಬಿಡಲಿಲ್ಲ.

ಅವನನ್ನು ನಾವೆಲ್ಲ ಮೇಸ್ತ್ರಿ ಅನ್ನುತ್ತಿದ್ದೆವು. ವಿಜಯನಗರದಿಂದ ಮಾಗಡಿ ರಸ್ತೆಗೆ ಹೋಗುವ ದಾರಿಯಲ್ಲಿ, ಹೊಂಗೆ ಮರದ ಕೆಳಗೆ ಎರಡು ತಗಡಿನ ಶೀಟು ಹೊದಿಸಿಕೊಂಡಿದ್ದ ಗ್ಯಾರೇಜು ಅವನದು. ನನಗಿಂತ ತುಂಬಾ ದೊಡ್ಡವನು. ಎದುರಿಗೆ ಯಾವಾಗಲೂ ನೀವು ಅಂತಲೇ ಮಾತಾಡಿಸಿದ್ದೇನೆ. ಈಗ ಬರೆಯುವಾಗ ಮಾತ್ರ ಆ ಮರ್ಯಾದೆ ಕೊಡುವುದಕ್ಕೆ ಮನಸ್ಸು ಬರುತ್ತಿಲ್ಲ, ಓದುವವರು ಏನಾದರೂ ಅಂದುಕೊಳ್ಳಲಿ.

ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ನನಗೆ ಗಾಡಿ ಕಲಿಸಿದವನೇ ಅವನು. ಕಣ್ಣು ಮುಚ್ಚಿಸಿ ಇಂಜಿನ್ ಪಕ್ಕ ನಿಲ್ಲಿಸಿ, "ಕೇಳ್ಕೋ, ಏನ್ ಹೇಳ್ತಿದೆ ಅದು? ಹೊಟ್ಟೆ ಹಸೀತಿದೆಯಾ, ಜ್ವರ ಬಂದಿದೆಯಾ?" ಅಂತ ಕೇಳುತ್ತಿದ್ದ. ತಾನು ತಿನ್ನುತ್ತಿದ್ದ ಬನ್ನಿನಲ್ಲಿ ಅರ್ಧ ಮುರಿದು ಕೊಡುತ್ತಿದ್ದ. ಆರ್‌ಪಿಸಿ ಲೇಔಟಿನ ಸಿಮೆಂಟ್ ಅಂಗಡಿಯಲ್ಲಿ ಡ್ರೈವರ್ ಕೆಲಸ ಕೊಡಿಸಿದ್ದೂ ಅವನೇ. "ನಮ್ಮ ಹುಡುಗ ಸಾರ್, ಕಣ್ಮುಚ್ಚಿ ಗಾಡಿ ಕೊಡಿ," ಅಂತ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಹೇಳಿದ್ದ.

ಅಂಗಡಿಯ ಸಾಹುಕಾರರು ದಾವಣಗೆರೆ ಕಡೆಯವರು. ಅವರ ಗೂಡ್ಸ್ ಆಟೋ ಯಾರ್ಯಾರೋ ಓಡಿಸಿ ಸವೆಸಿದ ಹಳೇ ಗಾಡಿ. ಮೂರು ಚಕ್ರ, ಹಿಂದೆ ಇಂಜಿನ್ನು, ಕೈಯಲ್ಲಿ ಲಿವರ್ ಎಳೆದು ಸ್ಟಾರ್ಟ್ ಮಾಡಬೇಕು. ಅದರಲ್ಲಿ ಸಿಮೆಂಟು, ಇಟ್ಟಿಗೆ ತುಂಬಿಕೊಂಡು ಹೇರೋಹಳ್ಳಿಯ ಸೈಟುಗಳಿಗೆ ಹೋಗುತ್ತಿದ್ದೆ. ಆಗ ಅಲ್ಲಿ ರಸ್ತೆ ಅಂತ ಯಾವುದೂ ಇರಲಿಲ್ಲ. ರಾಗಿ ಹೊಲದ ಬದು, ಎತ್ತಿನ ಗಾಡಿಯ ಜಾಡು, ಮಳೆ ಬಂದರೆ ಮೊಣಕಾಲುದ್ದ ಕೆಸರು. ಮುಂದಿನ ಒಂಟಿ ಚಕ್ರ ಯಾವ ಕಡೆ ಜಾರುತ್ತದೋ ದೇವರೇ ಬಲ್ಲ. ಆ ನೆಲದಲ್ಲಿ ಆ ಗಾಡಿಯನ್ನು ಒಂದು ಸಲವೂ ಮಗುಚದೆ ಓಡಿಸಿದವನು ನಾನು. ಇದನ್ನು ಜಂಬ ಅಂತ ಬೇಕಾದರೂ ಕರೆಯಿರಿ. ಸಾಹುಕಾರರು ಲಾರಿ ಕೊಳ್ಳುವ ಯೋಚನೆಯಲ್ಲಿದ್ದರು. "ಲಾರಿ ತಗೊಂಡ್ರ ನೀನ ಅದರ ಡ್ರೈವರ್ ನೋಡಪಾ," ಅಂದಿದ್ದರು. ಲಾರಿ ಓಡಿಸುವುದು ಬಿಟ್ಟು ನನಗೆ ಆ ವಯಸ್ಸಿನಲ್ಲಿ ಬೇರೆ ಆಸೆಯೇ ಇರಲಿಲ್ಲ.

ಸಾಹುಕಾರರ ತಾಯಿ ಸೋಮವಾರ ಸೋಮವಾರ ಗಾಡಿಗೆ ಪೂಜೆ ಮಾಡುತ್ತಿದ್ದರು. ವಿಭೂತಿ ಹಚ್ಚಿ, ತೀರ್ಥ ಚಿಮುಕಿಸಿ, ಅರಿಶಿನದ ದಾರ ಒಂದನ್ನು ಕಟ್ಟುವುದು. ಒಂದು ಸೋಮವಾರ ಮೇಸ್ತ್ರಿಯೂ ಅಲ್ಲಿದ್ದ. ಅಮ್ಮ ದಾರ ಹಿಡಿದುಕೊಂಡು, "ಅಪ್ಪಾ, ಮನಷ್ಯಾಗ ಎದಿಯಾಗ ಜೀವ ಇರತೈತಿ, ಈ ಗಾಡಿಗೆ ಎಲ್ಲಿರತೈತಿ?" ಅಂತ ಕೇಳಿದರು. ಮೇಸ್ತ್ರಿಗೆ ತಮಾಷೆ. ಹಿಂದಿನ ಮುಚ್ಚಳ ಎತ್ತಿ, ಪ್ಲಗ್ಗಿನ ಮೇಲಿನ ರಬ್ಬರ್ ಟೋಪಿಯನ್ನು ತೋರಿಸಿ, "ಇಲ್ಲೇ ಅಮ್ಮ, ಇಲ್ಲಿ ಕಿಡಿ ಹತ್ತಿದ್ರೇನೇ ಗಾಡಿಗೆ ಜೀವ. ಇಲ್ಲೇ ಕಟ್ಬಿಡಿ," ಅಂದ. ಅಮ್ಮ ಭಕ್ತಿಯಿಂದ ಅಲ್ಲೇ ಕಟ್ಟಿದರು. ಆವತ್ತಿನಿಂದ ಪ್ರತಿ ವಾರದ ದಾರವೂ ಅಲ್ಲಿಗೇ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಎಣ್ಣೆ, ಧೂಳು, ತೀರ್ಥ... ಕೊನೆಗೆ ಅದು ದಾರ ಅಂತಲೂ ಗೊತ್ತಾಗದ ಹಾಗೆ ಒಂದು ಕಪ್ಪು ಗಂಟಾಗಿ ಕೂತಿತ್ತು.

ಆ ವರ್ಷದ ಮಳೆಗಾಲಕ್ಕೆ ಗಾಡಿ ಮಿಸ್ಸಿಂಗ್ ಹೊಡೆಯುವುದಕ್ಕೆ ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಆದರೆ ಪಟ್... ಪಟಪಟ... ಪಟ್ ಅಂತ ಕೆಮ್ಮುತ್ತಿತ್ತು. ಲೋಡ್ ತುಂಬಿ ಹೇರೋಹಳ್ಳಿಯ ಏರು ಹತ್ತಿಸುವಾಗ ಉಸಿರು ಕಟ್ಟಿದಂತೆ ನಿಂತೇಬಿಡುತ್ತಿತ್ತು. ಬಿಸಿಲು ಬಿದ್ದು ಇಂಜಿನ್ ಕಾದ ಮೇಲೆ ಏನೂ ಆಗದವರ ಹಾಗೆ ಓಡುತ್ತಿತ್ತು. ಕೆಸರು ನೀರು ಹಾರಿದರೆ ಮತ್ತೆ ಅದೇ ಕಥೆ. ಮೇಸ್ತ್ರಿ ಪ್ಲಗ್ ಬದಲಾಯಿಸಿದ. ಕಾರ್ಬೊರೇಟರ್ ಬಿಚ್ಚಿ, ಜೆಟ್ಟನ್ನು ಬಾಯಲ್ಲಿಟ್ಟು ಊದಿದ. ಪಾಯಿಂಟ್ ಉಜ್ಜಿದ, ಕಂಡೆನ್ಸರ್ ಹೊಸದು ಹಾಕಿದ. ಜಪ್ಪಯ್ಯ ಅಂದರೂ ಗಾಡಿಯ ಕೆಮ್ಮು ನಿಲ್ಲಲಿಲ್ಲ. ಸೈಟುಗಳಲ್ಲಿ ಗಾರೆ ಕೆಲಸದವರು ಸಿಮೆಂಟಿಗೆ ಕಾದು ಕಾದು ಸಾಹುಕಾರರಿಗೆ ದೂರು ಹೇಳತೊಡಗಿದರು.

ನನ್ನನ್ನು ಕೇಳಿದರೆ, ಆ ಕಪ್ಪು ಗಂಟು ನನ್ನ ಕಣ್ಣಿಗೆ ಬಿದ್ದಿದ್ದರೂ ಬಿದ್ದಂತಿರಲಿಲ್ಲ. ದೇವರ ದಾರದ ಮೇಲೆ ಅನುಮಾನ ಪಡುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಕೊನೆಗೆ ಒಂದು ದಿನ ಮೇಸ್ತ್ರಿ ಸಾಹುಕಾರರ ಅಂಗಡಿಗೇ ಬಂದ, ಕಂಕುಳಲ್ಲಿ ಒಂದು ಕಂಬಳಿ ಇಟ್ಟುಕೊಂಡು. "ಕರೆಂಟ್ ಎಲ್ಲಾದರೂ ಸೋರಿದ್ರೆ ಕತ್ತಲಲ್ಲಿ ಕಾಣುತ್ತೆ ಕಣೋ," ಅಂದ. ಹಟ್ಟಹಗಲು ಇಂಜಿನ್ನಿನ ಮೇಲೆ ಕಂಬಳಿ ಹೊದಿಸಿ, ಟ್ಯಾಪ್ ನೀರನ್ನು ಒಂದಿಷ್ಟು ಎರಚಿ, ತಾನು ಅದರೊಳಗೆ ತಲೆ ತೂರಿಸಿದ. ನಾನು ಮುಂದೆ ಕೂತು ಆಕ್ಸಿಲರೇಟರ್ ಕೊಡುತ್ತಿದ್ದೆ. ಸಾಹುಕಾರರು ಕೈ ಕಟ್ಟಿಕೊಂಡು ನಿಂತಿದ್ದರು. ಅಮ್ಮ ಕಾಫಿ ಲೋಟ ಹಿಡಿದು ಬಂದಿದ್ದರು. ಗಾಡಿ ಕೆಮ್ಮಿತು. ಸುಟ್ಟ ರಬ್ಬರಿನ ವಾಸನೆ ನನ್ನ ಮೂಗಿಗೂ ಬಡಿಯಿತು. "ಸಿಕ್ತಾ ಮೇಸ್ತ್ರಿ?" ಅಂತ ಕೂಗಿದೆ. ನಾನು ಕೆಳಗಿಳಿದು ಗಾಡಿಯ ಹಿಂದಕ್ಕೆ ಬಂದು ನಿಂತ ಮೇಲೂ ಅವನು ಕಂಬಳಿಯೊಳಗೇ ಇದ್ದ.

ಹೊರಗೆ ಬಂದಾಗ ಅವನ ಮುಖವೆಲ್ಲ ಬೆವರು. ನನ್ನ ಕಡೆ ನೋಡಲಿಲ್ಲ. ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿದ.

"ಏನಾಗೇತಪಾ ಅದಕ್ಕ?" ಅಂದರು ಅಮ್ಮ.

"ಗಾಡೀಲಿ ಏನೂ ಇಲ್ಲಮ್ಮ," ಅಂದ ಮೇಸ್ತ್ರಿ. "ಹುಡುಗನ ಕೈ ಸ್ವಲ್ಪ ಒರಟು. ಹಾಫ್ ಕ್ಲಚ್ಚಲ್ಲಿ ಓಡಿಸ್ತಾನೆ. ಇಂಜಿನ್ ಸುಸ್ತಾಗ್ಬಿಟ್ಟಿದೆ."

ಹಾಫ್ ಕ್ಲಚ್! ಕ್ಲಚ್ಚನ್ನು ಪೂರ್ತಿ ಬಿಡದೆ ಅರ್ಧ ಹಿಡಿದುಕೊಂಡೇ ಓಡಿಸಿದರೆ ಕ್ಲಚ್ ಪ್ಲೇಟ್ ಸವೆಯುತ್ತದೆ, ಇಂಜಿನ್ ಮಿಸ್ಸಿಂಗ್ ಹೊಡೆಯುವುದಿಲ್ಲ. ಇದು ಅವನೇ ನನಗೆ ಕಲಿಸಿದ್ದು. ಸಾಹುಕಾರರಿಗೆ ಸಿಮೆಂಟ್ ಗೊತ್ತಿತ್ತು, ಇಂಜಿನ್ ಗೊತ್ತಿರಲಿಲ್ಲ. ಅವರು ನಂಬಿದರು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ತಾಯಿ ಮಗ ಇಬ್ಬರ ಮುಂದೆಯೂ ನನ್ನ ತಲೆಯ ಮೇಲೆ ಗೂಬೆ ಕೂರಿಸಿ ಕಂಬಳಿ ಮಡಚಿಕೊಂಡು ಹೊರಟುಹೋದ ಮಹಾನುಭಾವ.

ನನ್ನನ್ನು ಕೆಲಸದಿಂದ ಬಿಡಿಸಿದರು. ಅದಾದರೂ ಹಾಳಾಗಲಿ ಅನ್ನಬಹುದಿತ್ತು. ಆದರೆ ಹೊಸ ಡ್ರೈವರ್ ಬಂದ ಮೇಲೆ ಗಾಡಿಯ ಕೆಮ್ಮು ನಿಂತೇಹೋಯಿತು! ಇನ್ನು ಸಾಕ್ಷಿ ಯಾಕೆ ಬೇಕು? ಇಂಜಿನ್ ಹಾಳು ಮಾಡುವ ಹುಡುಗ ಅಂತ ಲೇಔಟಿಗೆಲ್ಲ ಗೊತ್ತಾಯಿತು. ಬಸವೇಶ್ವರನಗರದಲ್ಲಿ ಕೆಲಸ ಕೇಳಿದೆ, ಕೆಂಗೇರಿಯಲ್ಲಿ ಕೇಳಿದೆ. ಗಾಡಿ ಇಟ್ಟವರೆಲ್ಲ ಒಬ್ಬರಿಗೊಬ್ಬರು ಪರಿಚಯದವರೇ. ಸಾಹುಕಾರರು ಲಾರಿ ತಂದರು, ಮೂತಿಗೆ ಹೂವಿನ ಹಾರ ಹಾಕಿಕೊಂಡು ಅದು ನಮ್ಮ ಬೀದಿಯಲ್ಲೇ ಹಾದುಹೋಯಿತು. ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದೆ.

ಒಂದು ದಿನ ಟೀ ಅಂಗಡಿಯಲ್ಲಿ ಮೇಸ್ತ್ರಿ ಸಿಕ್ಕಿದ. ಅವನೇ ಬಂದು ಪಕ್ಕದಲ್ಲಿ ಕೂತ. ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿತ್ತೋ ಏನೋ, ಕೇಳದೆಯೇ ಹೇಳಿದ.

"ದಾರ ಕಣೋ. ಟೋಪಿ ಒಳಗೆ ಬಿರುಕು ಬಿಟ್ಟಿತ್ತು. ಆ ದಾರ ಒದ್ದೆ ಆದಾಗೆಲ್ಲ ಕರೆಂಟು ಪ್ಲಗ್ ಬಿಟ್ಟು ದಾರ ಹಿಡ್ಕೊಂಡು ಕಬ್ಬಿಣಕ್ಕೆ ಇಳೀತಿತ್ತು. ಕಂಬಳಿ ಒಳಗೆ ನೀಲಿಯಾಗಿ ಹರಿದಾಡೋದು ಕಾಣ್ತು. ನೀನ್ ಬಿಟ್ಮೇಲೆ ಸರ್ವೀಸಿಗೆ ಬಂದಿತ್ತಲ್ಲ, ಟೋಪಿ ಬದಲಾಯಿಸಿ, ದಾರಾನ ವೈರಿನ ಮೇಲಕ್ಕೆ ಸರಿಸ್ದೆ."

"ಅವತ್ತೇ ಹೇಳ್ಬೇಕಿತ್ತಲ್ಲ ಮೇಸ್ತ್ರಿ!"

"ಹೆಂಗೋ ಹೇಳ್ಲಿ? ಅಮ್ಮ ಎದುರಿಗೇ ನಿಂತಿದ್ರು. ದೇವರ ದಾರದಿಂದ ಗಾಡಿ ಕೆಟ್ಟಿದೆ ಅಂತ ಆ ತಾಯಿ ಮುಖಕ್ಕೆ ಹೊಡ್ದಂಗೆ ಹೇಳೋದಾ? ಅಲ್ಲಿ ಕಟ್ಟಿ ಅಂದಿದ್ದೂ ನಾನೇ. ಪಾಪ, ವಯಸ್ಸಾದೋರು, ಮನಸ್ಸಿಗೆ ಎಷ್ಟು ನೋವಾಗುತ್ತೆ ಹೇಳು."

"ನಂಗೆ ನೋವಾಗಲ್ವಾ?"

"ನೀನ್ ಹುಡುಗ ಕಣೋ. ಎಲ್ಲಾದ್ರೂ ಬದುಕ್ಕೋತೀಯ."

ಬನ್ನಿ, ಈಗಲೇ ಹೋಗಿ ಸಾಹುಕಾರರಿಗೆ ಹೇಳಿ ಅಂದೆ. ತಲೆ ತಗ್ಗಿಸಿ ಟೀ ಊದುತ್ತಾ ಕೂತ. ನನ್ನ ಲೋಟವನ್ನು ಅಲ್ಲೇ ಕುಕ್ಕಿ ಎದ್ದುಬಂದೆ. ನಾನೇ ಹೋಗಿ ಹೇಳಿದೆ. ಸಾಹುಕಾರರು ನಕ್ಕುಬಿಟ್ಟರು. ಕೆಲಸ ಹೋದ ಹೊಟ್ಟೆ ಉರಿಗೆ ದೇವರನ್ನೂ ಎಳೀತಿ ಏನಪಾ ಅಂದರು. ಅಮ್ಮ ಆಗ ದಾವಣಗೆರೆಯಲ್ಲಿ ಮಗಳ ಮನೆಯಲ್ಲಿದ್ದರು. ಆಮೇಲೆ ಮೇಸ್ತ್ರಿಯ ಜೊತೆ ಮಾತೇ ಬಿಟ್ಟೆ. ಗ್ಯಾರೇಜಿನ ಮುಂದೆ ಬಸ್ಸು ಹಾದುಹೋಗುವಾಗ ಆ ಕಡೆಯ ಕಿಟಕಿಗೆ ಕೂರುತ್ತಿರಲಿಲ್ಲ. ನನ್ನ ಮದುವೆಗೆ ಕರೆಯಲಿಲ್ಲ, ಆದರೂ ಬಂದ. ಊಟಕ್ಕೆ ಕೂರದೆ ಛತ್ರದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೋದನಂತೆ... ನಾನು ನೋಡಲಿಲ್ಲ. ನೋಡಿದ್ದರೂ ಮುಖ ತಿರುಗಿಸುತ್ತಿದ್ದೆ.

ಕಾರ್ಖಾನೆಯಲ್ಲೇ ನನ್ನ ಆಯುಷ್ಯ ಸವೆಯಿತು. ಬಾಡಿಗೆಗೆ ಅಂತ ಮತ್ತೆ ಒಂದು ಗಾಡಿಯ ಹ್ಯಾಂಡಲ್ಲನ್ನೂ ಹಿಡಿಯಲಿಲ್ಲ.

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡ. ಮಗ ಮನೆಗೇ ಬಂದು, "ಅಪ್ಪ ನಿಮ್ಮನ್ನ ಕೇಳ್ತಿದ್ರು, ತಿಥಿಗೆ ಬರ್ಲೇಬೇಕು ಅಂಕಲ್," ಅಂದ. ಹೋದೆ. ಮನಸ್ಸಿರಲಿಲ್ಲ, ಆದರೂ ಹೋದೆ. ಅನ್ನಪೂರ್ಣೇಶ್ವರಿ ನಗರದಲ್ಲಿ ಮಗನ ಮನೆ, ಮುಂದೆ ಶಾಮಿಯಾನ. ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಹುಕಾರರ ತಾಯಿ ಕೂತಿದ್ದರು. ಹಣ್ಣು ಹಣ್ಣು ಮುದುಕಿ, ಆದರೆ ಕಣ್ಣು ಚುರುಕು. ನಮಸ್ಕಾರ ಮಾಡಿದೆ, ಗುರುತು ಹಿಡಿದರು. "ಚಲೋ ಗಾಡಿ ಹೊಡೀತಿದ್ದಿ, ಯಾಕ ಬಿಟ್ಟಿ?" ಅಂದರು. ನಾನೇ ಕೆಲಸ ಬಿಟ್ಟೆ ಅಂತ ಸಾಹುಕಾರರು ಅವರಿಗೆ ಹೇಳಿದ್ದರಂತೆ.

ಇಷ್ಟು ವರ್ಷ ಒಳಗೇ ಕುದಿದದ್ದು ಉಕ್ಕಿಬಿಟ್ಟಿತು. ಎಲ್ಲವನ್ನೂ ಹೇಳಿದೆ. ದಾರ, ಕಂಬಳಿ, ಹಾಫ್ ಕ್ಲಚ್, ಎಲ್ಲ. ಅಮ್ಮ ಕಿವಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದರು. ನೋವಾದ ಹಾಗೆ ಕಾಣಲಿಲ್ಲ, ಸಿಟ್ಟೇ ಬಂತು ಅವರಿಗೆ.

"ಹುಚ್ಚ ಮುಂಡೇದು! ಒಂದು ಮಾತು ಹೇಳಿದ್ರ ಬಿಚ್ಚಿ ಹ್ಯಾಂಡಲ್‌ಗೆ ಕಟ್ಟತಿದ್ದೆ. ನನಗೇನ ಅದರಾಗ? ಆ ಕೆಸರಾಗ ಹೋಗೋ ಹುಡುಗ, ನೀ ಸುರಕ್ಷಿತ ಮನಿಗೆ ಬರ್ಲಿ ಅಂತ ಕಟ್ಟತಿದ್ದೆ ನಾನು."

ನನಗೆ ಕೂತಲ್ಲಿ ಕೂರುವುದಕ್ಕಾಗಲಿಲ್ಲ. ಕೇಳಿಸಿಕೊಂಡೆಯಾ ಮೇಸ್ತ್ರಿ ಅಂತ ಕೂಗಬೇಕೆನಿಸಿತು. ಯಾರ ಮನಸ್ಸು ನೋಯುತ್ತದೆ ಅಂತ ನನ್ನನ್ನು ಬಲಿ ಕೊಟ್ಟೆಯೋ, ಆ ತಾಯಿ ನಿನ್ನನ್ನೇ ಬೈಯುತ್ತಿದ್ದಾರೆ. ನೀನು ಕೇಳಲೂ ಇಲ್ಲ, ಹೇಳಲೂ ಇಲ್ಲ. ನೀನೂ ನೆಮ್ಮದಿಯಾಗಿರಲಿಲ್ಲ, ನನ್ನನ್ನೂ ಇರಗೊಡಲಿಲ್ಲ. ಎದ್ದು ಫೋಟೋದ ಮುಂದೆ ಹೋಗಿ ನಿಂತೆ. ಯಾರೋ ನನ್ನ ಕೈಗೆ ಹೂವು ಕೊಟ್ಟರು, ನನಗೆ ಅಳು ಬಂತು, ಅದಕ್ಕೂ ಕೋಪ ಬಂತು.

ಆವತ್ತಿನಿಂದ ದಿನಾ ಅವನೊಂದಿಗೆ ಜಗಳವಾಡುತ್ತಿದ್ದೇನೆ, ಬಚ್ಚಲಲ್ಲಿ, ಬಸ್ ಸ್ಟಾಪಿನಲ್ಲಿ, ಊಟಕ್ಕೆ ಕೂತಾಗ. ಇಷ್ಟು ವರ್ಷ ಮಾತು ಬಿಟ್ಟವನಿಗೆ ಈಗ ಹೇಳುವುದು ಬೇಕಾದಷ್ಟಿದೆ. ಎದುರು ಮಾತಾಡುವುದಕ್ಕೆ ಅವನೇ ಇಲ್ಲ.