ಹಗ್ಗ ಸಡಿಲ ಬಿಡದ ರಘುನಾಥ

ಕಳೆದ ಸೋಮವಾರ ಸಂಜೆ ಮೆಟ್ಟೂರು ಹತ್ತಿರದ ಕೊಳತ್ತೂರಿನ ಬಸ್ ನಿಲ್ದಾಣದಲ್ಲಿ ರಘುನಾಥ ತೀರಿಕೊಂಡ. ಹೃದಯಾಘಾತ.

ಸೇಲಂನ ನೇಕಾರರ ಮನೆಯ ಮಗ. ನಾನು ಪಾಠ ಹೇಳುವ ಎಂಜಿನಿಯರಿಂಗ್ ಕಾಲೇಜಿನಲ್ಲೇ ಅವನೂ ಮೇಷ್ಟರಾಗಿದ್ದ. ಕಡಲಲ್ಲಿ ತೇಲುತ್ತ ಗಾಳಿಯಿಂದಲೂ ಅಲೆಯಿಂದಲೂ ಕರೆಂಟು ತೆಗೆಯುವ ಕಟ್ಟೆಯೊಂದರ ಮಾದರಿ ಮಾಡಿದ್ದ. ಪ್ಲಾಸ್ಟಿಕ್ ಪೈಪಿನ ಮೂರು ಕಾಲು, ನೆತ್ತಿಯಲ್ಲಿ ಗಾಳಿಚಕ್ರ, ಪಕ್ಕದಲ್ಲಿ ಅಲೆಗೆ ಎದ್ದು ಬೀಳುವ ರೆಕ್ಕೆ; ಒಟ್ಟು ಸೊಂಟದೆತ್ತರ. ಕಡಲೇ ಇಲ್ಲದ ಜಿಲ್ಲೆಯಲ್ಲಿ ಇದೆಂಥ ಹುಚ್ಚೆಂದು ನಗದವರಿಲ್ಲ. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿಗೆ ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಏಳುವ ಗೇಣುದ್ದದ ಅಲೆ, ಇಷ್ಟು ಚಿಕ್ಕ ಮಾದರಿಗೆ ಕಡಲಲೆಯೇ ಎಂದು ಅವನು ಲೆಕ್ಕ ತೋರಿಸುತ್ತಿದ್ದ. ಲೆಕ್ಕ ಸರಿಯಿತ್ತು. ಕೆಟ್ಟದ್ದು ಹಗ್ಗದಲ್ಲಿ.

ಮಾದರಿ ತೇಲಿಹೋಗದಂತೆ ಅದನ್ನು ತಳದ ಕಲ್ಲುಗಳಿಗೆ ಮೂರು ಹಗ್ಗದಿಂದ ಕಟ್ಟಬೇಕು, ಸಡಿಲವಾಗಿ. ಅಲೆಯ ಜೊತೆ ಅದು ಏಳಬೇಕಲ್ಲ. ಆದರೆ ಮಗ್ಗದ ಮೇಲೆ ಹಾಸುನೂಲು ಜೋತರೆ ಸೀರೆ ಕೆಟ್ಟಿತೆಂದು ಕಲಿತ ಕೈ ಅವನದು. ಮಗ್ಗಕ್ಕೆ ಬಿಗಿದಂತೆ ಬಿಗಿದ. ಮುಳುಗಿತು. ದಪ್ಪ ಹಗ್ಗ ತಂದು ಇನ್ನೂ ಬಿಗಿದ. ಮತ್ತೆ ಮುಳುಗಿತು. ನಾನು ಚಿತ್ರ ಬರೆದು ತೋರಿಸಿದರೆ ಒಪ್ಪುತ್ತಿದ್ದ, ನೀರಿಗಿಳಿದರೆ ಬಿಗಿಯುತ್ತಿದ್ದ. ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಈ ಆಡಿಯಲ್ಲೂ ನಿಲ್ಲದಿದ್ದರೆ ಪ್ರಯೋಗ ಮುಚ್ಚಿಬಿಡಿ ಎಂದು ಕಾಲೇಜು ಹೇಳಿತ್ತು. ಆಮೇಲೂ ಅದೇ ಕೈ, ಅದೇ ಗಂಟು.

ಸೋಮವಾರ ಮೀನುಗಾರ ಕಾಳಿಯಪ್ಪನ್ ನಮ್ಮನ್ನು ಹರಿಗೋಲಿನಲ್ಲಿ ಕರೆದೊಯ್ದ. ಪ್ರತಿ ಸಲ ಮುಳುಗಿ ಮಾದರಿಯನ್ನು ಮೇಲೆತ್ತುವವನು ಅವನೇ. ಹೇಗೂ ಸ್ನಾನ ಆಗುತ್ತದೆ, ಸೋಪು ತಂದಿದ್ದೇನೆ ಎಂದ. ರಘುನಾಥ ನಗಲಿಲ್ಲ, ಹಗ್ಗ ಜಗ್ಗತೊಡಗಿದ.

"ಪೋದುಮ್‌ ಲಾ, ಸಾಕು, ಅದು ಮಗ್ಗ ಅಲ್ಲ. ಏಟ್ ಸಲ ಏಳ್ಲಿ? ಸಡ್ಲ ಬಿಡು," ನಾನೆಂದೆ.

"ಜೋಲಾಡ್ತೈತೆ ಲೇ. ನೋಡಕ್ಕಾಗಲ್ಲ."

"ಅಂಗಾದ್ರೆ ಕಣ್ ಮುಚ್ಕೊ."

ನಿಜವಾಗಿಯೂ ಮುಚ್ಚಿಕೊಂಡ. ತಡಕುತ್ತ ಗಂಟು ಬಿಚ್ಚಿ, ಒಂದೊಂದು ಹಗ್ಗಕ್ಕೂ ಮಾರುದ್ದ ಬಿಟ್ಟು ಮತ್ತೆ ಕಟ್ಟಿದ. ಅಲೆ ಬಂತು. ಮಾದರಿ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಗಾಳಿಚಕ್ರ ತಿರುಗುತ್ತಲೇ ಇತ್ತು. ಸಂಜೆವರೆಗೂ ಮುಳುಗಲಿಲ್ಲ. ಸೋಪು ಒಣಗಿಯೇ ಉಳಿಯಿತು.

ದಂಡೆಗೆ ಬಂದಾಗ, ಇನ್ನಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ. ಕಾಳಿಯಪ್ಪನ್ ಹರಿಗೋಲಿನ ಹಗ್ಗವನ್ನು ಗೂಟಕ್ಕೆ ಸುಮ್ಮನೆ ಸುತ್ತಿ ಹೋದ. ಬಸ್ಸಿಗೆ ಹೊತ್ತಾಯಿತೆಂದು ನಾನು ಕರೆಯುತ್ತಲೇ ಇದ್ದೆ. ರಘುನಾಥ ಹಿಂತಿರುಗಿ ಹೋಗಿ, ಜೋತಿದ್ದ ಆ ಹಗ್ಗವನ್ನು ಬಿಚ್ಚಿ, ಗೂಟಕ್ಕೆ ಕಾಲು ಕೊಟ್ಟು ಎಳೆದು, ಬಿಗಿಯಾಗಿ ಕಟ್ಟಿ ಬಂದ.